ಹದಿನೈದು ಖಾಲಿ ಮುಷ್ಟಿ

ಅಂಬರೀಷನ ಧ್ವನಿ ಸಂದೇಶ, ಅಕ್ಕ ಜಗದೇವಿಗೆ
ಪುಣೆ, ೯ ಫೆಬ್ರವರಿ ೨೦೨೫, ರಾತ್ರಿ ೧೨.೫೦

ಅಕ್ಕಾ, ನಾ ಅಂಬು. ನೀ ಮಲಗೀದಿ ಅಂತ ಗೊತ್ತದ, ಮುಂಜಾನೆ ಕೇಳು. ಶಿಫ್ಟ್ ಈಗ ಬಿಡ್ತು. ರೂಮಿನ್ಯಾಗ ಏಳು ಮಂದಿ ಗೊರಕಿ ಹೊಡ್ಯಾಕತ್ತಾರ, ಅದಕ್ಕ ಹೊರಗ ಮೆಟ್ಟಲ ಮ್ಯಾಲ ಕುಂತೀನಿ. ನಿದ್ದಿ ಬರಂಗಿಲ್ಲ ನನಗ. ಶಿಫ್ಟ್ ಪೂರಾ ಡಬ್ಬಾ ಎತ್ತಿ ಎತ್ತಿ ಇಡ್ತೀನಿ, ಮಲಗಿದ ಮ್ಯಾಲೂ ಕೈ ಎತ್ತಾಕತ್ತಿರ್ತಾವ.

ಊರಿಂದ ಅವ್ವ ಫೋನ್ ಮಾಡಿದ್ಲು. ನಿಮ್ಮ ಬ್ಯಾಳಿ ಮಿಲ್ಲಿನ್ಯಾಗ ಕಮಿಟಿ ಮಾಡಾಕತ್ತಾರಂತ, ದುಡಿಯೋ ಹೆಣ್ಮಕ್ಕಳು ತಮ್ಮೊಳಗ ಒಬ್ಬಾಕಿನ್ನ ಆರಿಸಿ ಕಳಸಬೇಕಂತ. ಖರೇನಾ? ಖರೇ ಇದ್ರ ನೀ ನಿಲ್ಲು ಅಕ್ಕಾ. ನಿನ್ನಷ್ಟು ಓದಿದಾಕಿ ಅಲ್ಲಿ ಯಾರರ ಅದಾಳೇನು? ಅಂಜಬ್ಯಾಡ. ಇಲ್ಲಿ ನಮ್ಮ ಗೋಡೌನಿನ್ಯಾಗ ಪ್ರತಿ ಸೋಮಾರ ಮೀಟಿಂಗ್ ಇರ್ತದ, ನಾ ಎದ್ದು ನಿಂತು ಮಾತಾಡ್ತೀನಿ. ಸಾಹೇಬ್ರು ಕೇಳ್ತಾರ. ಗೇಟಿನ್ಯಾಗ ಒಂದು ಮಷೀನ್ ಬ್ಯಾರೆ ಅದ, ಮೂರು ಮುಖ ಇರ್ತಾವ. ನಗೂದು ಹಸರು, ಸುಮ್ಕಿರೂದು ಹಳದಿ, ಸಿಟ್ಟಿಂದು ಕೆಂಪು. ಮನೀಗಿ ಹೋಗೂ ಮುಂದ ಇವತ್ತಿನ ದಿನ ಹ್ಯಾಂಗಿತ್ತು ಅಂತ ಒಂದು ಒತ್ತಬೇಕು. ನನಗ ಸಿಟ್ಟು ಬಂದಿತ್ತಂದ್ರ ಸೀದಾ ಕೆಂಪು ಒತ್ತತೀನಿ. ಯಾರಪ್ಪಂದೇನು?

ನಿಲ್ಲು ನೀ. ತಿರುಗಿ ಮಾತಿನ್ಯಾಗ ಹೇಳು, ಬರೀಬ್ಯಾಡ. ನಿನ್ನ ದನಿ ಕೇಳಿ ಭಾಳ ದಿನ ಆತು.

ಜಗದೇವಿಯ ಪತ್ರ, ಕಾಗದದ ಮೇಲೆ ಬರೆದು ಫೋಟೋ ತೆಗೆದು ಕಳಿಸಿದ್ದು
ಮಾಣಿಕನಗರ, ಹುಮನಾಬಾದ, ೧೨ ಫೆಬ್ರವರಿ ೨೦೨೫

ಪ್ರೀತಿಯ ಅಂಬು,

ನಿನ್ನ ಮಾತನ್ನು ನೀರಿನ ಟಾಕಿಯ ಹಿಂದೆ ನಿಂತು, ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದೆ. ಮಾತಿನಲ್ಲೇ ಹೇಳು ಎನ್ನುತ್ತೀ. ಈ ಮನೆಯಲ್ಲಿ ನಾನು ಕೆಮ್ಮಿದರೂ ಅತ್ತೆ ಒಳಗಿನಿಂದ "ಯಾರ ಕೂಡ ಮಾತಾಡಾಕತ್ತೀ?" ಎನ್ನುತ್ತಾರೆ. ಬರೆಯುವುದಕ್ಕೆ ಸದ್ದಿಲ್ಲ.

ಅವ್ವ ಹೇಳಿದ್ದು ನಿಜ. ನೂರಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಮಾಲೀಕರ ಕಡೆಯವರೂ ಕೆಲಸಗಾರರೂ ಕೂಡಿ ಕೂರುವ ಸಮಿತಿ ಇರಬೇಕಂತೆ, ಕಾರ್ಮಿಕ ಕಚೇರಿಯಿಂದ ಕಾಗದ ಬಂದಿದೆ. ಆರಿಸುವ ಕೋಣೆಯ ಹೆಂಗಸರಿಗೆ ಅದರಲ್ಲಿ ಒಂದು ಕುರ್ಚಿ. ಮ್ಯಾನೇಜರ್ ಗಯಾಸುದ್ದೀನ್ ಸಾಹೇಬರು "ಒಂದು ಹೆಸರು ಹೇಳ್ರಿ, ಬರ್ಕೋತೀನಿ" ಎಂದು ಮುಗಿಸಲು ನೋಡಿದರು. ಹೆಂಗಸರು ಒಪ್ಪಲಿಲ್ಲ.

ನೀನು ನಮ್ಮ ಕೋಣೆ ನೋಡಿಲ್ಲ. ಅರವತ್ತೊಂದು ಮಂದಿ ನೆಲದ ಮೇಲೆ ಸಾಲಾಗಿ ಕೂರುತ್ತೇವೆ, ಮುಂದೆ ಒಂದೊಂದು ಅಗಲ ತಟ್ಟೆಯ ಪರಾತ. ಮಷೀನಿನಿಂದ ಬಂದ ತೊಗರಿ ಬೇಳೆಯಲ್ಲಿ ಒಡೆಯದೆ ಉಳಿದ ಇಡಿ ಕಾಳು, ಕರಿ ಕಾಳು, ಹರಳು, ಇವನ್ನು ಹೆಕ್ಕಿ ಎಡಗಡೆಯ ಡಬ್ಬಿಗೆ ಹಾಕುವುದು ಕೆಲಸ. ನನಗೆ ಒಂಬತ್ತು ವರ್ಷವಾಯಿತು. ಈಗ ಕಣ್ಣಿಗಿಂತ ಮೊದಲು ಕೈ ಹೋಗುತ್ತದೆ. ಬೇಳೆ ಕಳವಾಗಬಾರದೆಂದು ಒಂಬತ್ತಕ್ಕೆ ಬಾಗಿಲಿಗೆ ಕೀಲಿ ಬೀಳುತ್ತದೆ. ಒಂದಕ್ಕೆ ತೆಗೆಯುತ್ತಾರೆ. ನಡುವೆ ಯಾರಿಗಾದರೂ ಅವಸರವಾದರೆ ತಡೆದುಕೊಳ್ಳಬೇಕು. ಆ ಕೀಲಿ ಶೇವಂತಾಬಾಯಿಯ ಸೊಂಟದಲ್ಲಿರುತ್ತದೆ. ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇರುವ ಹಿರಿಯಳು. ಅವಳು ನಿಂತಿದ್ದಾಳೆ. ಅವಳು ಗೆದ್ದರೆ ಕೀಲಿ ಇದ್ದಲ್ಲೇ ಇರುತ್ತದೆ.

ಎದುರಿಗೆ ನಿಂತವಳು ಆರಿಫಾ. ಬಸವಕಲ್ಯಾಣದಿಂದ ದಿನಾ ಬಸ್ಸಿಗೆ ಬರುತ್ತಾಳೆ, ನನ್ನ ಪಕ್ಕದ ಪರಾತ ಅವಳದು. ಹೇಳಿದ್ದು ಒಂದೇ ಮಾತು: "ನಾ ಒಳಗ ಹೋದ್ರ ಮೊದ್ಲ ಬಾಗಿಲ ಕೀಲಿ ತೆಗಸ್ತೀನಿ. ಮುಂದಿಂದು ಮುಂದ." ಗಯಾಸುದ್ದೀನ್ ಸಾಹೇಬರು ನಕ್ಕು, "ಕಲ್ಯಾಣದಾಕಿ ಅಲ್ಲೇನವಾ, ಅಲ್ಲಿ ಶರಣರ ಕಾಲದಿಂದ ಎಲ್ಲಾರೂ ಕುಂತು ಮಾತಾಡೂ ರಿವಾಜು" ಎಂದರು.

ನಾನು ನಿಲ್ಲುವುದಿಲ್ಲ. ಬರೆಯಲು ಬರುತ್ತದೆಂದು ಎಣಿಸುವ ಕೆಲಸ ನನಗೆ ಕೊಟ್ಟಿದ್ದಾರೆ. ಒಂದೇ ತೊಡಕು. ಅರ್ಧ ಮಂದಿಗೆ ಓದು ಬರಹ ಇಲ್ಲ, ಯಾರು ಯಾರಿಗೆ ಹಾಕಿದರೆಂದು ಬೇರೆಯವರಿಗೆ ತಿಳಿಯಲೂ ಬಾರದು. ಚೀಟಿ ನಡೆಯುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ

ಧ್ವನಿ ಸಂದೇಶ
ಪುಣೆ, ೧೩ ಫೆಬ್ರವರಿ, ರಾತ್ರಿ ೧.೧೫

ಅಕ್ಕಾ, ನೀ ನಿಲ್ಲಂಗಿಲ್ಲ ಅಂದದ್ದಕ್ಕ ಜರಾ ಬ್ಯಾಸರಾತು. ಹೋಗ್ಲಿ ಬಿಡು. ಆರಿಫಾ ಅಂದ್ರ ನಿನ್ನ ಮದಿವ್ಯಾಗ ಹೋಳಿಗಿ ಬಡ್ಯಾಕ ಕುಂತು ನನಗ "ಏ ಕಳ್ಳಾ, ಒಂದೇ ತಗೊ" ಅಂದಾಕಿನೇ ಅಲ್ಲ? ಆಕಿಗಿ ಬಾಯಿ ಅದ. ಆಕಿ ಆಗಬಹುದು.

ಚೀಟಿ ಯಾಕ ಬೇಕು? ನಿಮ್ಮ ಮುಂದ ರಾಶಿ ರಾಶಿ ಬಿದ್ದದ್ದೇನು? ಕಾಳು! ಆರಿಫಾಗ ಇಡಿ ಕಾಳು. ಶೇವಂತಾಬಾಯಿಗಿ ಬ್ಯಾಳಿ. ಒಬ್ಬೊಬ್ರೇ ಮುಷ್ಟಿ ಕಟ್ಕೊಂಡು ಹೋಗೂದು, ಅರಿವಿ ಮುಚ್ಚಿದ ಗಡಿಗ್ಯಾಗ ಕೈ ಹಾಕೂದು, ಬಿಡೂದು. ಯಾರ ಮುಷ್ಟಿನ್ಯಾಗ ಏನದ ಅಂತ ದೇವರಿಗೂ ಗೊತ್ತಾಗಂಗಿಲ್ಲ. ಹ್ಯಾಂಗದ ತಲಿ? ಶಿಫ್ಟಿನ್ಯಾಗ ಡಬ್ಬಾ ಎತ್ಕೋತ ಎತ್ಕೋತ ಹೊಳೀತು.

ಇಡಿ ಕಾಳು ಯಾಕ ಅಂದ್ರ, ಮಷೀನ್ ಒಳಗ ಹೋಗಿ ಬಂದ್ರೂ ಒಡೀಲಿಲ್ಲ ಅದು. ಆರಿಫಾಗ ಹಂಗೇ ಹೇಳು. ಅಂಬು ಹೇಳ್ಯಾನ ಅಂತ ಹೇಳು.

ಪತ್ರ
ಮಾಣಿಕನಗರ, ೨೩ ಫೆಬ್ರವರಿ ೨೦೨೫

ಅಂಬು,

ನಿನ್ನೆ ಮಧ್ಯಾಹ್ನ ಆಯಿತು. ನೀನು ಹೇಳಿದ ಹಾಗೆಯೇ ಮಾಡಿದೆವು. ಎಲ್ಲರಿಗೂ ಹಿಡಿಸಿತು.

ಬೇಳೆ ಇಪ್ಪತ್ನಾಲ್ಕು. ಇಡಿ ಕಾಳು ಇಪ್ಪತ್ತೆರಡು. ಶೇವಂತಾಬಾಯಿ ಸಮಿತಿಗೆ ಹೋಗುತ್ತಾಳೆ. ಎರಡು ವರ್ಷ.

ಅರವತ್ತೊಂದು ಮಂದಿ ಗಡಿಗೆಯಲ್ಲಿ ಕೈ ಹಾಕಿದ್ದರು. ಕೂಡಿಸಿದರೆ ನಲವತ್ತಾರು. ಗಯಾಸುದ್ದೀನ್ ಸಾಹೇಬರು ಎರಡು ಸಲ ಕೂಡಿಸಿ ನೋಡಿ, "ಹದ್ನೈದು ಮಂದಿ ಖಾಲಿ ಮುಷ್ಟಿ ಹಾಕ್ಯಾರ. ಇರ್ಲಿ, ಅದೂ ಒಂದು ಮಾತೇ" ಎಂದರು. ರಿಜಿಸ್ಟರಿನಲ್ಲಿ ಹಾಗೇ ಬರೆದರು. ನಾನು ಸಹಿ ಮಾಡಿದೆ.

ಇವತ್ತು ಐತವಾರ. ಬಟ್ಟೆ ಒಗೆದೆ. ಬಿಸಿಲಿತ್ತು, ಬೇಗ ಒಣಗಿದವು.

ಅಕ್ಕ

ಧ್ವನಿ ಸಂದೇಶ
ಪುಣೆ, ೨೪ ಫೆಬ್ರವರಿ, ರಾತ್ರಿ ೧.೩೦

ಹದ್ನೈದು ಮಂದಿ? ಹದ್ನೈದು ಮಂದಿ ಖಾಲಿ ಮುಷ್ಟಿ? ಅಕ್ಕಾ, ಇದೇನು ನಡಸೀರಿ ನೀವು? ಕಾಳು ಹಾಕಾಕ ಏನು ಹೋಗ್ತದ? ಯಾರೂ ನೋಡಾಕತ್ತಿಲ್ಲ, ಅರಿವಿ ಮುಚ್ಚೇದ, ಒಂದು ಕಾಳು, ಒಂದು! ಅದೂ ಆಗ್ಲಿಲ್ಲಂದ್ರ ಅವರು ಕೀಲಿ ಒಳಗೇ ಇರಬೇಕಾದವರು. ಆಯುಷ್ಯ ಪೂರಾ ಕುಂದ್ರಲಿ.

ಯಾರ್ಯಾರು ಅಂತ ನಿನಗ ಅಂದಾಜು ಇದ್ದೇ ಇರ್ತದ. ಹೆಸರು ಹೇಳು. ನಮ್ಮ ಊರವರೇ ಎಂಟು ಮಂದಿ ಅದಾರ ಅಲ್ಲಿ. ನಾ ಕೇಳ್ತೀನಿ ಅವರಿಗಿ. ನಾ ಆಗಿದ್ರ... ಏ ತಡಿ, ಯಾರೋ ಮ್ಯಾಲ ಬರಾಕತ್ತಾರ. ಆಮ್ಯಾಲ ಮಾತಾಡ್ತೀನಿ.

ಧ್ವನಿ ಸಂದೇಶ
ಪುಣೆ, ೧ ಮಾರ್ಚ್, ರಾತ್ರಿ ೧೨.೪೦

ಅಕ್ಕಾ, ಏನೂ ಬರೀಲಿಲ್ಲ ನೀ. ಎರಡು ನೀಲಿ ಗೆರಿ ಬಂದಾವ, ಕೇಳೀದಿ ಅಂತ ಗೊತ್ತದ. ಉಂಡೀನಿ. ಕೆಲಸ ನಡದದ. ಇವತ್ತೇನೂ ಇಲ್ಲ ಹೇಳಾಕ.

ಧ್ವನಿ ಸಂದೇಶ
ಪುಣೆ, ೬ ಮಾರ್ಚ್, ರಾತ್ರಿ ೨.೦೫

ಒಂದು ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ. ಹನ್ನೊಂದು ದಿನ ಆತು ನೀ ಸುಮ್ಕ ಕುಂತು. ಹದ್ನೈದು ಮಂದಿನ್ಯಾಗ ನೀನೂ ಒಬ್ಬಾಕಿ ಏನು? ಅಂಜಿ ಕೈ ಖಾಲಿ ಬಿಟ್ಟೇನು? ಇದ್ರ ಹೇಳಿಬಿಡು. ನಾ ಏನೂ ಅನ್ನಂಗಿಲ್ಲ. ಇಲ್ಲ, ಅಂತೀನಿ. ಆದ್ರೂ ಹೇಳು.

ಪತ್ರ
ಮಾಣಿಕನಗರ, ೯ ಮಾರ್ಚ್ ೨೦೨೫

ಅಂಬು,

ನಾನು ಇಡಿ ಕಾಳು ಹಾಕಿದೆ. ನನ್ನ ಮಕ್ಕಳಾಣೆ.

ನೀನು ಕೇಳಿದ್ದನ್ನೇ ಆರಿಫಾ ಮೊನ್ನೆ ಕೇಳಿದಳು. ರೋಜಾ ನಡೆದಿದೆ, ನೀರೂ ಮುಟ್ಟದೆ ಕೂತಿರುತ್ತಾಳೆ. ಕೆಲಸದ ನಡುವೆ, ತಲೆ ಎತ್ತದೆ, "ಜಗದೇವಿ, ಹದ್ನೈದರಾಗ ನೀನೂ ಇದ್ದೇನು?" ಎಂದಳು. "ಇಲ್ಲ" ಎಂದೆ. "ಹ್ಞೂಂ" ಎಂದಳು. ಅಷ್ಟೇ. ಆಮೇಲೆ ಊಟದ ಬಿಡುವಿನಲ್ಲಿ ತನ್ನ ಪರಾತ ಎತ್ತಿಕೊಂಡು ಆ ಕಡೆಯ ಸಾಲಿಗೆ ಹೋದಳು. ಈಗ ನನ್ನ ಪಕ್ಕದಲ್ಲಿ ಯಾರೂ ಇಲ್ಲ. ಗೋಡೆ ಇದೆ.

ಸಮಿತಿ ಒಂದು ಸಲ ಕೂಡಿತಂತೆ. ಚಹಾ ಕುಡಿದರಂತೆ. ಕೀಲಿಯ ಮಾತು ಬರಲಿಲ್ಲ.

ಆ ಹದಿನೈದು ಮಂದಿಯನ್ನು ಬಿಟ್ಟುಬಿಡು ಅಂಬು. ಅವರ ಬಗ್ಗೆ ಏನೂ ಅನ್ನಬೇಡ. ಕಾಲು ಹಿಡಿದು ಕೇಳುತ್ತೇನೆ.

ಅಕ್ಕ

ಧ್ವನಿ ಸಂದೇಶ
ಪುಣೆ, ೧೦ ಮಾರ್ಚ್, ರಾತ್ರಿ ೧.೦೦

ನೀ ಭಾಳ ಮೆತ್ತಗಿನಾಕಿ ಅಕ್ಕಾ. ಸಣ್ಣಾಕಿದ್ದಾಗಿಂದ ಹಂಗೇ. ಯಾರದೋ ತಪ್ಪಿಗಿ ನೀ ಕಾಲು ಹಿಡೀತಿ.

ನಾ ಬಿಡಲಿಲ್ಲ. ನಮ್ಮ ಊರ ಗ್ರೂಪಿನ್ಯಾಗ ಒಂದು ಆಡಿಯೋ ಹಾಕೀನಿ ಈಗ. ನಿನ್ನ ಹೆಸರು ತಗೊಂಡಿಲ್ಲ, ಫಿಕರ್ ಮಾಡಬ್ಯಾಡ. "ಬ್ಯಾಳಿ ಮಿಲ್ಲಿನ ಹದ್ನೈದು ಮಂದಿಗಿ ಸವಾಲು. ನಿಮ್ಮ ಸಂಗಾತಿ ಸಲುವಾಗಿ ಒಂದು ಕಾಳು ಬಿಡಲಿಕ್ಕ ಆಗಲಾರದ ಕೈಲಿ ಹ್ಯಾಂಗ ಉಣ್ತೀರಿ?" ಅಂದೀನಿ. ಆಗಲೇ ಮೂವತ್ತು ಮಂದಿ ಕೇಳ್ಯಾರ. ಗಂಡಸರು ಹೆಬ್ಬೆರಳು ಎತ್ಯಾರ. ಒಬ್ಬಾಂವ "ವಾಹ್ ಲೀಡರ್" ಅಂತ ಹಾಕ್ಯಾನ.

ಈಗ ನಿದ್ದಿ ಬರ್ತದ ಅನಸ್ತದ.

ಪತ್ರ
ಮಾಣಿಕನಗರ, ೧೯ ಮಾರ್ಚ್ ೨೦೨೫

ಅಂಬು,

ನಿನ್ನ ಆಡಿಯೋ ಮರುದಿನವೇ ಮಿಲ್ಲಿಗೆ ಬಂತು. ಗೇಟಿನಲ್ಲಿ ಫೋನು ಇಟ್ಟು ಒಳಗೆ ಬರಬೇಕು, ಅದಕ್ಕೆ ಗೇಟಿನ ಹೊರಗೇ ಎಲ್ಲರೂ ಕೇಳಿದರು. ನಿನ್ನ ದನಿ ನನಗೆ ಗುರುತು ಸಿಕ್ಕಿತು, ಬೇರೆಯವರಿಗೂ ಸಿಕ್ಕಿತು.

ನಮ್ಮ ಊರಿನ ಎಂಟೂ ಮಂದಿ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಈಗ ಎಂಟು ಮೂಲೆ. ಒಬ್ಬಳ ಗಂಡ ಮನೆಯಲ್ಲಿ, "ನೀ ಅದ್ರಾಗಿನಾಕೀನಾ?" ಎಂದು ಕೇಳಿದ್ದಾನೆ, ಕೈಯನ್ನೂ ಎತ್ತಿದ್ದಾನೆ. ಸೋಮವಾರ ಒಬ್ಬೊಬ್ಬರೂ ಮಾಣಿಕಪ್ರಭುವಿನ ಆಣೆ, ಅಲ್ಲಾಹನ ಆಣೆ, ಮಕ್ಕಳ ಆಣೆ ಮಾಡಿ ತಾವು ಕಾಳು ಹಾಕಿದ್ದೇವೆ ಎಂದರು. ಅರವತ್ತೊಂದು ಆಣೆ. ಯಾರೂ ಯಾರನ್ನೂ ನಂಬಲಿಲ್ಲ.

ಎಲ್ಲರೂ ಹೇಳಿದ್ದು ನಿಜ ಅಂಬು.

ನಿನ್ನೆ ಹತ್ತೂವರೆಗೆ ಹಳ್ಳಿಖೇಡದ ಭೀಮಬಾಯಿ ಬಾಗಿಲು ಬಡಿದಳು. ಐವತ್ತೆಂಟು ವರ್ಷ, ಸಕ್ಕರೆ ಕಾಯಿಲೆ. ಶೇವಂತಾಬಾಯಿ ಕೀಲಿಯ ಸಮೇತ ಆಫೀಸಿಗೆ ಹೋಗಿದ್ದಳು. ಭೀಮಬಾಯಿ ಎರಡು ಸಲ ಬಡಿದು ಬಂದು ತನ್ನ ಜಾಗದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಸೀರೆಯ ಕೆಳಗಿನಿಂದ ನೀರು ಹರಿದು ನೆಲದ ಇಳಿಜಾರಿಗೆ ಬಂತು. ಪಕ್ಕದವಳು ತನ್ನ ಪರಾತವನ್ನು ಒಂದು ಗೇಣು ಸರಿಸಿದಳು. ಅಷ್ಟೇ. ಭೀಮಬಾಯಿ ಆರಿಸುತ್ತಲೇ ಇದ್ದಳು. ನಾನೂ ಆರಿಸುತ್ತಿದ್ದೆ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಒಂದಕ್ಕೆ ಬಾಗಿಲು ತೆರೆಯುವತನಕ ಕೈ ನಿಲ್ಲಲಿಲ್ಲ.

ಈಗ ಬರೆಯುತ್ತೇನೆ. ಎರಡು ಸಲ ಬರೆದು ಹರಿದೆ.

ಆವತ್ತು ಗಡಿಗೆಯನ್ನು ನನ್ನ ಪರಾತದಲ್ಲಿ ಸುರಿದರು. ನಾನು ನನ್ನ ಜಾಗದಲ್ಲೇ ಕೂತಿದ್ದೆ. ಎಡಗಡೆ ನನ್ನ ಡಬ್ಬಿ ಇತ್ತು, ಮುಂಜಾನೆ ಹೆಕ್ಕಿದ ಕಸರು ತುಂಬಿದ್ದು. ಸುತ್ತಲೂ ಅರವತ್ತು ಮಂದಿ ನಿಂತು ನೋಡುತ್ತಿದ್ದರು. ಬೇಳೆ ಒಂದು ಕಡೆ, ಇಡಿ ಕಾಳು ಒಂದು ಕಡೆ ಮಾಡಬೇಕಿತ್ತು. ಪರಾತದಲ್ಲಿ ಬೇಳೆಯ ನಡುವೆ ಇಡಿ ಕಾಳು ಕಂಡ ಕೂಡಲೇ ನನ್ನ ಕೈ ಅದನ್ನು ಹೆಕ್ಕಿ ಎಡಗಡೆಯ ಡಬ್ಬಿಗೆ ಹಾಕಿತು. ಇನ್ನೊಂದು. ಮತ್ತೊಂದು. ಬೆರಳಿಗೆ ಚೆನ್ನಾಗಿಯೇ ಅನಿಸುತ್ತಿತ್ತು, ದಿನದ ಹಾಗೆ. ಎಷ್ಟೋ ಹೊತ್ತಿನ ಮೇಲೆ ನನ್ನ ಕೈಯನ್ನು ನಾನೇ ನೋಡಿದೆ. ಅಲ್ಲಿಂದ ಮುಂದಿನವನ್ನು ಪರಾತದ ಅಂಚಿಗೆ ಇಟ್ಟೆ. ಅವು ಇಪ್ಪತ್ತೆರಡು.

ಡಬ್ಬಿಯಲ್ಲಿ ಸಾವಿರ ಕಾಳಿದ್ದವು, ಎಲ್ಲಾ ಒಂದೇ ಥರ. ಯಾವುದು ಓಟು, ಯಾವುದು ಕಸರು, ಹೇಗೆ ಹೇಳುವುದು?

ಅರವತ್ತು ಮಂದಿ ನೋಡುತ್ತಿದ್ದರಲ್ಲ, ಒಬ್ಬರಿಗೂ ಅದು ತಪ್ಪು ಎಂದು ಕಾಣಲಿಲ್ಲ. ಇಡಿ ಕಾಳು ಎಡಕ್ಕೇ ಹೋಗಬೇಕು ಎಂದು ಅವರ ಕಣ್ಣಿಗೂ ಗೊತ್ತಿತ್ತು. ಸಾಹೇಬರು ಖಾಲಿ ಮುಷ್ಟಿ ಎಂದಾಗ ನಾನು ಬಾಯಿ ಬಿಡಬಹುದಿತ್ತು. ಹೇಳಿದರೆ ಬೇಕೆಂದೇ ಮಾಡಿದಳು ಎನ್ನುತ್ತಾರೆ ಅನಿಸಿತು. ಸಂಜೆ ಡಬ್ಬಿಗಳನ್ನು ಚೀಲಕ್ಕೆ ಸುರಿದರು. ಕಸರು ದನದ ಮೇವಿಗೆ ಹೋಗುತ್ತದೆ.

ಆರಿಫಾ ಗೆದ್ದಿದ್ದಳು. ಮೂವತ್ತೇಳು, ಇಪ್ಪತ್ನಾಲ್ಕು. ಹದಿನೈದು ಮಂದಿಯ ಮಾತು ಯಾವುದೋ ಎಮ್ಮೆ ತಿಂದಿತು.

ನಿನ್ನ ಮೇಲೆ ಸಿಟ್ಟಿಲ್ಲ. ಗ್ರೂಪಿನಿಂದ ಅದನ್ನು ತೆಗೆ.

ಅಕ್ಕ

ಧ್ವನಿ ಸಂದೇಶ
ಪುಣೆ, ೨೧ ಮಾರ್ಚ್, ರಾತ್ರಿ ೨.೩೦

ಅಕ್ಕಾ.

ತೆಗದೀನಿ. ಹನ್ನೊಂದು ದಿನದ ಮ್ಯಾಲ ತೆಗದ್ರ ಏನುಪಯೋಗ, ಎಲ್ಲಾರೂ ಕೇಳಿಬಿಟ್ಟಾರ. ಆ ಹೆಣ್ಮಗಳ ಗಂಡಗ ಫೋನ್ ಮಾಡಿದ್ದೆ, ಎತ್ತಲಿಲ್ಲ.

ಇಡಿ ಕಾಳು ಅಂತ ಹೇಳಿದಾಂವ ನಾ. ನೀ ಮೊದಲ್ನೇ ಕಾಗದದಾಗೇ ಬರದಿದ್ದಿ, ಇಡಿ ಕಾಳು ಎಡಗಡಿ ಡಬ್ಬಿಗಿ ಒಗೀತೀವಿ ಅಂತ. ಓದೀನಿ ನಾ. ತಲ್ಯಾಗ ಹೋಗ್ಲಿಲ್ಲ. ನನ್ನ ಮಾತು ಹ್ಯಾಂಗ ಕೇಳಸ್ತದ ಅನ್ನೂದ್ರಾಗೇ ಇದ್ದೆ.

ಈಗ ನಂದೂ ಹೇಳ್ತೀನಿ. ಸೋಮಾರ ಮೀಟಿಂಗ್ ಇರ್ತದ, ಖರೇ. ಅದು ನೀಲಿ ಪಟ್ಟಿ ಬ್ಯಾಜಿನವರಿಗಿ, ಕಂಪನಿ ಮಂದಿಗಿ. ನಂದು ಹಳದಿ. ಗುತ್ತಿಗಿದಾರನ ಆಳು ನಾ. ಅವರು ಮೀಟಿಂಗ್ ಮಾಡೂ ಮುಂದ ನಾವು ಅವರ ಸಾಲಿನ ಡಬ್ಬಾನೂ ಎತ್ತತೀವಿ. ಕಾಚಿನ ಬಾಗಿಲ ಆ ಕಡಿ ಮಂದಿ ಕೈ ಎತ್ತೂದು ಕಾಣ್ತದ, ಮಾತು ಕೇಳಸಂಗಿಲ್ಲ. ನಾ ಎದ್ದು ನಿಂತು ಮಾತಾಡಿದ್ದು... ಹೂಂ, ಇಲ್ಲೇ. ಈ ಮೆಟ್ಟಲ ಮ್ಯಾಲ. ನಿನ್ನ ಕೂಡ.

ಆ ಮೂರು ಮುಖದ ಮಷೀನ್ ಅದಲ್ಲ. ಹದಿನಾಲ್ಕು ತಿಂಗಳಾತು. ಒಂದಿನಾನೂ ಕೆಂಪು ಒತ್ತಿಲ್ಲ ನಾ. ಮೇಸ್ತ್ರಿ ಹಿಂದ ನಿಂತಿರ್ತಾನ. ಹಸರು, ಹಸರು, ಹಸರು. ಬೆರಳು ಮುರದ ದಿನಾನೂ ಹಸರು. ನಿನಗ ಹೇಳಿದ್ದಿಲ್ಲ, ಜನೇವರಿನ್ಯಾಗ ಎಡಗೈ ನಡೂ ಬೆರಳು ಡಬ್ಬಾ ಕೆಳಗ ಸಿಕ್ಕಿತ್ತು. ಕೂಡ್ಯದ ಈಗ, ಸ್ವಲ್ಪ ಡೊಂಕದ.

ಖಾಲಿ ಮುಷ್ಟಿ ಅಂತ ಬೈದ್ನಲ್ಲ. ಹ್ಯಾಂಗಿರ್ತದ ಅಂತ ಗೊತ್ತಿತ್ತು ನನಗ.

ನೀ ಹೇಳಿಬಿಡು ಅಕ್ಕಾ ಅವರಿಗಿ. ಹೇಳು ಅಂತ ಹೇಳಾಕ ನಾ ಯಾರು, ಖರೇ. ಆದ್ರೂ.

ಪತ್ರ
ಮಾಣಿಕನಗರ, ೪ ಏಪ್ರಿಲ್ ೨೦೨೫

ಅಂಬು,

ಬೆರಳಿನ ಫೋಟೋ ಕಳಿಸು. ಡೊಂಕು ಎಷ್ಟಿದೆ ನೋಡಬೇಕು.

ಮೊದಲು ಗಯಾಸುದ್ದೀನ್ ಸಾಹೇಬರ ಹತ್ತಿರ ಹೋದೆ. ಕೇಳಿ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಬೇಕಂತ ಮಾಡಿದ್ದೆ ಅಂದಿದ್ರ ಕೆಲಸದಿಂದ ತೆಗೀತಿದ್ದೆ. ಕೈ ಮಾಡ್ತು ಅಂತೀ. ಕೈಗಿ ಯಾವ ಕಾನೂನು ಹಚ್ಚಲಿ ತಂಗಿ?" ಎಂದರು. ಆಮೇಲೆ, "ಹೋಗಿ ಅವರಿಗಿ ಹೇಳು. ಮತ್ತೊಮ್ಮೆ ಆಗಲಿ ಅಂತ ಅವರೇ ಹೆಬ್ಬಟ್ಟು ಒತ್ತಿ ಅರ್ಜಿ ಕೊಟ್ರ ನೋಡೂಣು. ನೀ ಒಬ್ಬಾಕಿ ಹೇಳಿದ್ರ ನಡೆಯಂಗಿಲ್ಲ."

ಗುರುವಾರ, ಇಪ್ಪತ್ತೇಳಕ್ಕೆ, ಊಟದ ಹೊತ್ತಿಗೆ ಹೇಳಿದೆ. ನಿಂತು ಹೇಳಿದೆ. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು. ಎಲ್ಲರೂ ತಮ್ಮ ತಮ್ಮ ಕೈಗಳನ್ನು ನೋಡಿಕೊಂಡು ಕೂತರು.

ಭೀಮಬಾಯಿ ಮೊದಲು ಮಾತಾಡಿದಳು. "ನಾ ನಿನ್ನ ಎದುರಿಗೇ ನಿಂತಿದ್ನಲ್ಲೇ. ನೀ ಒಗ್ಯಾಕತ್ತಿದ್ದಿ, ನಾ ನೋಡಾಕತ್ತಿದ್ದೆ. ಚಂದ ಆರಸಾಕತ್ತಾಳ ಹುಡುಗಿ ಅಂದ್ಕೊಂಡೆ." ಯಾರೋ ಮೂಗಿನಲ್ಲಿ ನಕ್ಕರು. ನಗು ಮುಂದೆ ಹೋಗಲಿಲ್ಲ, ಅಲ್ಲೇ ನಿಂತಿತು.

ಶೇವಂತಾಬಾಯಿ, "ಹಂಗಾದ್ರ ನಾ ಗೆದ್ದಿಲ್ಲೇನು?" ಎಂದಳು. "ಇಲ್ಲ" ಎಂದೆ. ಅವಳು ಕೀಲಿಯನ್ನು ಹಿಡಿದುಕೊಂಡು, "ನೀವೆಲ್ಲಾ ನನ್ನ ಸೊಂಟಾನೇ ನೋಡ್ತೀರಿ. ಈ ಕೀಲಿ ನನಗ ಕೊಡೂ ಮುಂದ ನನ್ನ ಯಾರರ ಕೇಳಿದ್ರೇನು? ಹಿಡಿ ಅಂದ್ರು, ಹಿಡದೆ" ಎಂದಳು. ಅವಳು ಮಾತ್ರ ಅರ್ಜಿಗೆ ಹೆಬ್ಬಟ್ಟು ಒತ್ತಲಿಲ್ಲ. ಉಳಿದ ಅರವತ್ತೂ ಮಂದಿ ಒತ್ತಿದೆವು.

ಆರಿಫಾ ಒಂದೇ ಮಾತು ಹೇಳಿದಳು. "ಈ ಸಲ ಕಾಳು ಬ್ಯಾಡ. ಮುಚ್ಚಿ ಹಾಕಿದ್ದು ಎಮ್ಮಿ ತಿಂತು. ಬಾಯಿಲೇ ಹೇಳ್ರಿ, ಯಾರ ಹೆಸರರ ಹೇಳ್ರಿ." ಬಾಯಿಬಿಟ್ಟು ಹೇಳಿದರೆ ಶೇವಂತಾಬಾಯಿಗೆ ಗೊತ್ತಾಗುತ್ತದೆ, ಮಾಲೀಕರಿಗೂ ಗೊತ್ತಾಗುತ್ತದೆ. ಕೆಲವರು ಬೇಡ ಎಂದರು. ಮೂರು ದಿನ ಅದೇ ಚರ್ಚೆ. ಕೊನೆಗೆ ಬೇಡ ಎಂದವರೇ, "ಆತು, ಆಣಿ ಮಾಡಿ ಮಾಡಿ ಸಾಕಾತು, ಹೇಳಿಬಿಡೂಣು" ಎಂದರು.

ರಂಜಾನ್ ಮುಗಿಯಿತು. ನಿನ್ನೆ ಸಂಜೆ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಆಯಿತು. ಸಾಹೇಬರು ಕುರ್ಚಿ ಹಾಕಿಸಿಕೊಂಡು ರಿಜಿಸ್ಟರು ಹಿಡಿದು ಕೂತರು. ಒಬ್ಬೊಬ್ಬರೇ ಹೋಗಿ ಹೆಸರು ಹೇಳಿದರು. ಎಷ್ಟು ಸಣ್ಣ ದನಿ ಎಂದರೆ, ಸಾಹೇಬರು "ಹಾಂ? ಹಾಂ?" ಎನ್ನುತ್ತಲೇ ಇದ್ದರು. ಇಷ್ಟು ವರ್ಷ ಪಕ್ಕಪಕ್ಕ ಕೂತವರ ದನಿ ಹೀಗಿದೆಯೆಂದು ಕೆಲವರದು ನನಗೆ ನಿನ್ನೆಯೇ ಗೊತ್ತಾಯಿತು. ಶೇವಂತಾಬಾಯಿಯದು ಮಾತ್ರ ಜೋರು: "ನಂದು ನನಗ!"

ಆರಿಫಾ ಮೂವತ್ತಮೂರು. ಶೇವಂತಾಬಾಯಿ ಇಪ್ಪತ್ತಾರು. ಇನ್ನಿಬ್ಬರು, ಸಾಹೇಬರ ಮುಂದೆ ನಿಂತು, ಬಾಯಿ ಬರದೆ, ಹಾಗೇ ಬಸ್ ಹತ್ತಿದರು. ಮೂವತ್ತೇಳು ಇದ್ದದ್ದು ಮೂವತ್ತಮೂರಾಗಿದೆ. ಆ ನಾಲ್ಕು ಮಂದಿ ಯಾರೆಂದು ನಾನು ಯೋಚಿಸುವುದಿಲ್ಲ. ನೀನೂ ಯೋಚಿಸಬೇಡ.

ಆರಿಫಾ ನನ್ನ ಜೊತೆ ಮಾತಾಡಿಲ್ಲ. ಬಸ್ಸಿನ ಕಿಟಕಿಯಿಂದ ಒಂದು ಸಲ ನೋಡಿದಳು. ಹನ್ನೆರಡನೇ ತಾರೀಖಿಗೆ ಸಮಿತಿ ಕೂಡುತ್ತದೆ.

ಅಕ್ಕ

ಧ್ವನಿ ಸಂದೇಶ
ಪುಣೆ, ೬ ಏಪ್ರಿಲ್, ರಾತ್ರಿ ೧.೨೦

ಅಕ್ಕಾ, ಬೆರಳಿನ ಫೋಟೋ ಕಳಸೀನಿ. ಅಷ್ಟೇನು ಡೊಂಕಿಲ್ಲ.

ನಿನ್ನ ಕಾಗದ ಓದಿದ ದಿನ ಕೆಂಪು ಒತ್ತಿದೆ. ಮೇಸ್ತ್ರಿ ಹಿಂದೇ ಇದ್ದ. ನೋಡಿದಾ, ಏನೂ ಅನ್ನಲಿಲ್ಲ. ಮಷೀನ್ ಮ್ಯಾಲ "ಧನ್ಯವಾದ" ಅಂತ ಬಂತು. ಹಸರು ಒತ್ತಿದ್ರೂ ಅದೇ ಬರ್ತದ.

ಇವತ್ತೂ ಕೆಂಪೇ ಒತ್ತಬೇಕಂತ ಗೇಟಿಗಿ ಬಂದೆ. ಬೆರಳು ತಾನೇ ಹಸರಿಗಿ ಹೋತು. ಹೊರಗ ಬಂದ ಮ್ಯಾಲ ಗೊತ್ತಾತು.

ಏನಿಲ್ಲ. ಹೇಳಬೇಕನಸ್ತು. ಹನ್ನೆರಡಕ್ಕ ಏನಾತು ಬರಿ.

ಜಗದೇವಿಯ ಧ್ವನಿ ಸಂದೇಶ
ಮಾಣಿಕನಗರ, ೧೫ ಏಪ್ರಿಲ್ ೨೦೨೫, ಸಂಜೆ ೭.೧೦

ಅಂಬು, ನಾನು. ಕೇಳಸಾಕತ್ತದೇನು? ಇದನ್ನ ಒತ್ತಿ ಹಿಡದೇ ಮಾತಾಡಬೇಕೇನು, ಬಿಟ್ರ ಹೋಗ್ತದೇನು... ಹಾಂ, ನಡದದ.

ಬರೀಬೇಕಂತ ಹಾಳಿ ತಗೊಂಡಿದ್ದೆ. ಕೈ ಬ್ಯಾಡಂತು.

ಹನ್ನೆರಡಕ್ಕ ಕಮಿಟಿ ಕೂಡ್ತು. ಆರಿಫಾ ಕೀಲಿ ಮಾತು ತಗದ್ಲು. ಮಾಲೀಕರ ಕಡಿಯವರು ಬ್ಯಾಳಿ ಕಳುವಾದ್ರ ಯಾರು ಜವಾಬು ಅಂದ್ರಂತ. "ಸಂಜಿಗಿ ಗೇಟಿನ್ಯಾಗ ಚೀಲ ಬುತ್ತಿ ಬಿಚ್ಚಿಸಿ ಝಡತಿ ಮಾಡ್ತೀರಲ್ಲ, ಅಷ್ಟು ಸಾಲದೇನ್ರಿ? ನಾವೇನು ಬ್ಯಾಳಿ ಹೊಟ್ಟಿನ್ಯಾಗ ಒಯ್ತೀವೇನ್ರಿ?" ಅಂದ್ಳಂತ. ಭಾಳೊತ್ತು ನಡೀತಂತ. ಕಡೀಕ ಒಂದು ತಿಂಗಳು ಕೀಲಿ ಹಾಕಲಾರದ ನೋಡೂಣು ಅಂದಾರ. ಒಂದೇ ತಿಂಗಳು. ಆಮ್ಯಾಲ ಮತ್ತ ಕುಂತು ಮಾತಾಡೂದು.

*(ದೂರದಿಂದ ಮುದುಕಿಯ ದನಿ: "ಯಾರ ಕೂಡ ಮಾತಾಡಾಕತ್ತೀ?")*

ಅಂಬೂನ ಕೂಡ್ರಿ ಅತ್ತಿ. ಮಿಲ್ಲಿನ ಮಾತು. ನೀವೂ ಬೇಕಂದ್ರ ಬಂದು ಕೇಳ್ರಿ.

ಏನು ಹೇಳಾಕತ್ತಿದ್ದೆ? ಹಾಂ. ನಿನ್ನಿ ಜಯಂತಿ ಸುಟ್ಟಿ ಇತ್ತು. ಇವತ್ತು ಮುಂಜಾನೆ ಒಂಬತ್ತಕ್ಕ ಒಳಗ ಹೋದ್ವಿ. ಬಾಗಿಲಾ ತೆರದೇ ಇತ್ತು. ಗಾಳಿ ಬರಾಕತ್ತಿತ್ತು. ಆರಿಫಾ ತನ್ನ ಪರಾತ ತಂದು ನನ್ನ ಬಾಜೂಕ ಇಟ್ಲು. ನನ್ನ ಎಡಗಡಿ ಡಬ್ಬಿ ಎತ್ತಿ ಬಲಗಡಿ ಇಟ್ಲು, "ಇನ್ನ ಹಿಂಗ ಕಲಿ" ಅಂದ್ಲು. ನನಗ ಇಡೀ ದಿನ ಕೆಲಸ ಸಾಗಲಿಲ್ಲ.

ಒಂಬತ್ತೂವರಿ ಆತು, ಹತ್ತಾತು. ಬಾಗಿಲಾ ತೆರದದ. ಒಬ್ಬರೂ ಏಳಲಿಲ್ಲ ಅಂಬು. ಹೊರಗ ಹೋಗೂದು ಅಂದ್ರ ಒಂದಕ್ಕೇ ಅಂತ ಮೈಗಿ ಹಂಗ ರೂಢಿ ಆಗಿಬಿಟ್ಟದ. ನನಗೂ ಹೋಗೂದಿತ್ತು, ನಾನೂ ತಡ್ಕೊಂಡು ಕುಂತಿದ್ದೆ.

ಹನ್ನೊಂದಕ್ಕ ಭೀಮಬಾಯಿ ಎದ್ಲು. ಮೆಲ್ಲಕ ಬಾಗಿಲ ತನಕ ಹೋದ್ಲು. ತೆರದ ಬಾಗಿಲ ಮುಂದ ನಿಂತು, ತಿರುಗಿ, "ಶೇವಂತಾ, ಹೋಗ್ಲ್ಯಾ?" ಅಂತ ಕೇಳಿದ್ಲು.

ಶೇವಂತಾಬಾಯಿ ಕೈ ಸೊಂಟಕ್ಕ ಹೋತು. ಕೀಲಿ ಇರಲಿಲ್ಲಲ್ಲ. ಕೈ ಅಲ್ಲೇ ಇಟ್ಕೊಂಡು ಕುಂತ್ಲು.

ಆರಿಫಾ ತಲಿ ಎತ್ತಲಾರದೇ ಅಂದ್ಲು, "ಯಾರನ್ನ ಕೇಳ್ತೀ ಭೀಮಕ್ಕಾ? ಹೋಗು."

ಹೋದ್ಲು.

ಆಕಿ ತಿರುಗಿ ಬರೂತನಾ ನಾವು ಅರವತ್ತು ಮಂದಿ ಆ ಬಾಗಿಲನ್ನೇ ನೋಡ್ಕೋತ ಕುಂತಿದ್ವಿ. ಅಷ್ಟೊತ್ತು ಯಾರ ಕೈನೂ ಕಾಳಿಗಿ ಹೋಗಲಿಲ್ಲ.